ಬಿಲ್ ಕಟ್ಟಿದ ಮೇಲೂ ಕಾಯಿಲೆ ಉಂಟು

ನನ್ನ ಉಪ್ಪನ ಆಪರೇಷನ್‌ಗೆ ಹಣ ಒಟ್ಟಾದದ್ದು ಮೂರೇ ದಿನದಲ್ಲಿ. ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಾಯ್ಸ್ ಮೆಸೇಜ್, ಗಲ್ಫಿನಿಂದ ಬಂದ ಹಣ, ಜುಮಾ ಬಿಡುವಾಗ ಪಳ್ಳಿಯ ಬಾಗಿಲಲ್ಲಿ ಹಾಸಿದ ಟವೆಲ್. ಕೊಟ್ಟವರ ಋಣ ಮರೆಯುವವಳಲ್ಲ ನಾನು. ಆದರೆ 'ಅಲ್‌ಹಮ್ದುಲಿಲ್ಲಾಹ್, ಡಿಸ್ಚಾರ್ಜ್ ಆಯಿತು' ಎಂದು ಹಾಕಿದ ಮೇಲೆ ಅದೇ ಗ್ರೂಪಿನಲ್ಲಿ ಒಬ್ಬರೂ ಏನನ್ನೂ ಕೇಳಲಿಲ್ಲ. ನಮ್ಮವರ ಮಟ್ಟಿಗೆ ರೋಗ ಮುಗಿಯುವುದು ಬಿಲ್ ಕಟ್ಟಿದ ದಿನ. ನನ್ನ ಜಗಳ ಈ ಅಭ್ಯಾಸದ ಜೊತೆ.

ಉಪ್ಪನಿಗೆ ಆದದ್ದು ಮೂತ್ರಕೋಶದ ಕ್ಯಾನ್ಸರ್. ಮೂತ್ರದಲ್ಲಿ ರಕ್ತ ಕಂಡಾಗ 'ಉಷ್ಣ' ಎಂದು ಎಳನೀರು ಕುಡಿದು ತಿಂಗಳುಗಟ್ಟಲೆ ಕಳೆದರು. ನಲವತ್ತು ವರ್ಷ ಬೀಡಿ ಸೇದಿದವರು. (ಬೀಡಿಯ ವಿಷ ಮೂತ್ರದ ಜೊತೆಗೇ ಹೊರಹೋಗುವುದರಿಂದ ಮೂತ್ರಕೋಶಕ್ಕೂ ಪೆಟ್ಟು ಬೀಳುತ್ತದೆ. ಬೀಡಿ ಕಟ್ಟಿ ಬದುಕಿದ ನಮ್ಮ ಮನೆಗಳಿಗೆ ಇದನ್ನು ಯಾರು ಹೇಳಿದ್ದಾರೆ?) ಮಂಗಳೂರಿನಲ್ಲಿ ಮೂತ್ರಕೋಶವನ್ನು ಪೂರ್ತಿ ತೆಗೆದರು, ಜೊತೆಗೆ ಪ್ರಾಸ್ಟೇಟ್ ಗ್ರಂಥಿಯನ್ನೂ. ಸಣ್ಣ ಕರುಳಿನ ಸುಮಾರು 15 ಸೆಂಟಿಮೀಟರ್ ತುಂಡನ್ನು ನಾಳ ಮಾಡಿ ಹೊಟ್ಟೆಯ ಬಲಭಾಗದಲ್ಲಿ ಹೊರಗೆ ತಂದರು. ಆ ಕೆಂಪು ಬಾಯಿಗೆ ಸ್ಟೋಮಾ ಎನ್ನುತ್ತಾರೆ. ಹಿಡಿದಿಡುವ ಸ್ನಾಯು ಅಲ್ಲಿಲ್ಲ. ಮೂತ್ರ ಹಗಲೂ ರಾತ್ರಿಯೂ ಹರಿಯುತ್ತಲೇ ಇರುತ್ತದೆ, ಬ್ಯಾಗ್ ಅಂಟಿಸಿಕೊಂಡೇ ಬದುಕಬೇಕು.

ಇದನ್ನೆಲ್ಲ ಕಲಿಸಿದ್ದು ಡಿಸ್ಚಾರ್ಜಿನ ಬೆಳಿಗ್ಗೆ, ಹತ್ತು ನಿಮಿಷ. ಕೈಗೆ ಒಂದು ಇಂಗ್ಲಿಷ್ ಕಾಗದ. ಮನೆಗೆ ಬಂದ ಎರಡನೇ ರಾತ್ರಿಯೇ ಬ್ಯಾಗ್ ಕಿತ್ತು ಬಂತು, ಹಾಸಿಗೆಯೆಲ್ಲ ಒದ್ದೆ. ಅಣ್ಣಂದಿರು ಗಲ್ಫಿನಲ್ಲಿ, ಉಮ್ಮನಿಗೆ ಕಣ್ಣು ಮಂಜು. ಎಪ್ಪತ್ತು ದಾಟಿದ ಉಪ್ಪ ಮಗಳ ಮುಂದೆ ಲುಂಗಿ ಸಡಿಲಿಸಬೇಕಾಯಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಬ್ಯಾಗಿನಲ್ಲಿ ಬಿಳಿ ಲೋಳೆ ಕಂಡು ಕೀವು ಎಂದು ನಾನು ಅತ್ತೆ. ಅದು ಕರುಳು ಸಹಜವಾಗಿ ಬಿಡುವ ಲೋಳೆ ಎಂದು ಗೊತ್ತಾದದ್ದು ಎಷ್ಟೋ ವಾರ ಕಳೆದ ಮೇಲೆ. ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಬರುತ್ತದೆ, ಅದನ್ನು ಅಳೆದು ಅಂಟಿನ ತೂತನ್ನು ಚಿಕ್ಕದಾಗಿ ಕತ್ತರಿಸಬೇಕು. ನಾವು ಇದನ್ನು ಕಲಿತದ್ದು ಮೂತ್ರ ತಾಗಿ ಚರ್ಮ ಬೆಂದ ಮೇಲೆ.

ಇನ್ನೊಂದು. ಉಪ್ಪನ ಸ್ಟೋಮಾ ಇರುವುದು ಸರಿಯಾಗಿ ಲುಂಗಿ ಕಟ್ಟುವ ಗೆರೆಯಲ್ಲಿ. ಆಪರೇಷನ್‌ಗೆ ಮೊದಲೇ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ಆ ಜಾಗಕ್ಕೆ ಗುರುತು ಹಾಕುವ ಕ್ರಮ ಉಂಟು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ನಿಗದಿಯಾದರೆ ಡಾಕ್ಟರರನ್ನು ಕೇಳಿ, ರುಕೂ, ಸುಜೂದ್ ಮಾಡಿ ತೋರಿಸಿ, ಲುಂಗಿ ಎಲ್ಲಿ ಕಟ್ಟುತ್ತಾರೆಂದು ತೋರಿಸಿ. ನಾಚಬೇಡಿ.

ಉಪ್ಪ ಪಳ್ಳಿಗೆ ಹೋಗುವುದನ್ನು ಬಿಟ್ಟರು. 'ನಜಸ್ ಹೊತ್ತುಕೊಂಡು ಸಫ್‌ನಲ್ಲಿ ಹೇಗೆ ನಿಲ್ಲಲಿ?' ಎಂದರು. ಕೊನೆಗೆ ನಾನೇ ಉಸ್ತಾದರಿಗೆ ಫೋನ್ ಮಾಡಿದೆ. ಮೂತ್ರ ನಿಲ್ಲದವರಿಗೆ ಶಾಫಿಈ ಮದ್‌ಹಬಿನಲ್ಲಿ ದಾರಿ ಹೇಳಿಯೇ ಇದೆಯಂತೆ: ವಕ್ತ್ ಆದ ಮೇಲೆ ಶುಚಿ ಮಾಡಿಕೊಂಡು, ಪ್ರತಿ ಫರ್ಳ್‌ಗೆ ಬೇರೆ ವುಳೂ ಮಾಡಿ, ತಡಮಾಡದೆ ನಮಾಝ್. ಎರಡೇ ನಿಮಿಷದ ಮಾತು. ಇಷ್ಟು ವಅಳ್‌ಗಳಲ್ಲಿ ಒಂದರಲ್ಲಾದರೂ ಇದು ಬಂದಿದ್ದರೆ ಉಪ್ಪ ನಾಲ್ಕು ತಿಂಗಳು ಕೋಣೆಯೊಳಗೆ ಕೂರುತ್ತಿರಲಿಲ್ಲ. ಲಕ್ಷಾಂತರ ಸುರಿದು ಟೈಲ್ಸ್ ಹಾಕಿಸಿದ ಪಳ್ಳಿಯ ಶೌಚಾಲಯದಲ್ಲಿ ಬ್ಯಾಗ್ ಖಾಲಿ ಮಾಡುವವನಿಗೆ ಬಟ್ಟೆ ತೂಗಹಾಕಲು ಒಂದು ಕೊಕ್ಕೆಯೂ ಇಲ್ಲ.

ನಾವು ಮಂಜೇಶ್ವರದ ಕಡೆಯವರು. ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಯ ನೀತಿ ತಂದ ರಾಜ್ಯ, ಪಂಚಾಯತಿನ ನರ್ಸ್ ಮನೆಗೇ ಬರುತ್ತಾರೆ. ಆದರೆ ನಾವು ಆಪರೇಷನ್ ಮಾಡಿಸುವುದು ತಲಪಾಡಿ ಆಚೆ. ಅಲ್ಲಿಂದ ಇಲ್ಲಿಗೆ ಯಾರೂ ತಿಳಿಸಲಿಲ್ಲ, ನಾವೇ ಹೋಗಿ ಹೆಸರು ಬರೆಸಬೇಕಾಯಿತು. ನಾನು ಹೊರಟಾಗ ಮನೆಯಲ್ಲೇ ತಡೆದರು: 'ಪಾಲಿಯೇಟಿವ್ ಅಂದರೆ ಸಾಯುವವರಿಗೆ, ಊರವರು ಏನೆಂದುಕೊಂಡಾರು?' ಈ ಒಂದು ತಪ್ಪು ತಿಳಿವಳಿಕೆ ಎಷ್ಟು ಮನೆಗಳ ಬಾಗಿಲು ಮುಚ್ಚಿಸಿದೆಯೋ. ನರ್ಸ್ ಬಂದರು. ಅವರ ಮಲಯಾಳಂ, ಉಪ್ಪನ ಬ್ಯಾರಿ, ಒಂದಕ್ಕೊಂದು ಅರ್ಥವಾಯಿತು. ಅರ್ಧ ಗಂಟೆಯ ನಂತರ ಉಪ್ಪ ನನ್ನನ್ನು ಹೊರಗೆ ಹೋಗು ಎಂದರು. ಏನು ಕೇಳಿದರೋ. ಈ ಆಪರೇಷನ್ ಗಂಡಹೆಂಡಿರ ಸಂಬಂಧವನ್ನೂ ಮುಟ್ಟುತ್ತದೆ, ಆಸ್ಪತ್ರೆಯಲ್ಲಿ ಅದರ ಮಾತೇ ಬಂದಿರಲಿಲ್ಲ.

'ಮನೆಯ ಮಾನದ ವಿಷಯ ಬರೆಯುವುದೇ?' ಎನ್ನುವವರಿದ್ದಾರೆ. ಉಪ್ಪನ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಮಾನ ಹೋಗಿದ್ದು ಒದ್ದೆ ಹಾಸಿಗೆಯಲ್ಲಿ, ಬರೆದದ್ದರಿಂದಲ್ಲ.

ಮೊನ್ನೆ ಗ್ರೂಪಿನಲ್ಲಿ ಮತ್ತೊಂದು ವಾಯ್ಸ್ ಮೆಸೇಜ್ ಬಂತು, ನಮ್ಮ ಪಕ್ಕದ ಮೊಹಲ್ಲಾದವರಿಗೆ ಇದೇ ಆಪರೇಷನ್. ನಾನು ಖಜಾಂಚಿಯವರಿಗೆ ಬರೆದೆ: ಎತ್ತಿದ ಹಣದಲ್ಲಿ ಒಂದು ಪಾಲನ್ನು ಮುಂದಿನ ಒಂದು ವರ್ಷದ ಬ್ಯಾಗಿಗೆಂದು ತೆಗೆದಿಡಿ. ನಾಲ್ಕೈದು ದಿನಕ್ಕೊಂದು ಬೇಕು, ನಾವು ತರುವ ಒಂದಕ್ಕೆ 300 ರೂಪಾಯಿಯ ಮೇಲಾಗುತ್ತದೆ. ಮೆಸೇಜ್ ಓದಿದ್ದಾರೆ, ಉತ್ತರ ಬಂದಿಲ್ಲ. ಭಾನುವಾರ ನಾನು ಆ ಮನೆಗೆ ಹೋಗುತ್ತಿದ್ದೇನೆ, ನಮ್ಮಲ್ಲಿ ಉಳಿದ ಎರಡು ಬ್ಯಾಗ್ ಮತ್ತು ಕತ್ತರಿ ಹಿಡಿದುಕೊಂಡು. ಉಪ್ಪನೂ ಬರುತ್ತೇನೆ ಎಂದಿದ್ದಾರೆ.