ಹಾವು ಸಾಕೋಕೆ ಪರ್ಮಿಟ್ಟಂತೆ!

ಈ ಸಲ ಗೊಬ್ಬರ, ಸೊಪ್ಪಿನ ರೇಟು ಯಾವುದೂ ಇಲ್ಲ. ಹಾವಿನ ವಿಷಯ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಮ್ಮ ಬಾಣಸವಾಡಿ ಸುತ್ತಮುತ್ತ ಒಂದು ಮಾತು ಓಡಾಡ್ತಿದೆ. "ಸರ್ಕಾರವೇ ಹಾವು ಸಾಕೋಕೆ ಪರ್ಮಿಟ್ ಕೊಡ್ತಿದೆ, ಆನ್‌ಲೈನಲ್ಲಿ ಅರ್ಜಿ ಹಾಕಿದ್ರೆ ಆಯ್ತು, ಮರಿ ಮಾಡಿಸಿ ಮಾರಿದ್ರೆ ಕುರಿಗಿಂತ ಲಾಭ" ಅಂತ. ಒಂದಿಬ್ಬರು ಹುಡುಗರು ನನ್ನನ್ನೇ ಕೇಳಿದರು: ಅಪಾರ್ಟ್‌ಮೆಂಟಿನವರು ಫಾರಿನ್ ಹಾವನ್ನ ಕೊರಳಿಗೆ ಹಾಕ್ಕೊಂಡು ರೀಲ್ಸ್ ಮಾಡಬಹುದು, ನಾವು ನಮ್ಮ ಹೊಲದಲ್ಲಿ ಸಿಕ್ಕಿದ್ದನ್ನ ಸಾಕಬಾರದಾ? ಕೇಳಿದರೆ ನ್ಯಾಯ ಅನ್ನಿಸುತ್ತೆ. ಆದರೆ ಕಾನೂನು ಹಾಗಿಲ್ಲ. ಹಾಗಿರಲೂಬಾರದು ಅಂತ ನನ್ನ ವಾದ.

ಮೊದಲು ಕಾನೂನು ನೋಡೋಣ. ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಹಾವಾಡಿಗರ ಬುಟ್ಟಿ ನಿಂತಿದ್ದು ಇದರಿಂದಲೇ. ಈ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲೋದು ಮಾತ್ರ ಅಲ್ಲ, ಹಿಡಿಯೋದೂ ಬೇಟೆಯೇ. ನಾಗರಹಾವು, ಹೆಬ್ಬಾವು ಮೊದಲನೇ ಪಟ್ಟಿಯಲ್ಲಿವೆ. ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು, 25 ಸಾವಿರಕ್ಕೆ ಕಡಿಮೆ ಇಲ್ಲದಷ್ಟು ದಂಡ. ಕೇರೆಹಾವನ್ನ ಡ್ರಮ್ಮಲ್ಲಿ ಹಾಕಿಟ್ಟುಕೊಳ್ಳೋಕೂ ಯಾವ ಅರ್ಜಿ ನಮೂನೆಯೂ ಇಲ್ಲ.

ಹಾಗಾದರೆ ಪರ್ಮಿಟ್ ಮಾತು ಎಲ್ಲಿಂದ ಬಂತು? 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯ್ತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರೋ ಪ್ರಾಣಿಗಳು, ಅಂದರೆ ಬಾಲ್ ಪೈಥಾನ್ ಅನ್ನೋ ಆಫ್ರಿಕಾದ ಹಾವು, ಕೆಲವು ಗಿಳಿ, ಇಗುವಾನಾ ಇಂಥವು ಯಾರ ಹತ್ತಿರ ಇವೆಯೋ ಅವರು ಸರ್ಕಾರಕ್ಕೆ ತಿಳಿಸಬೇಕು ಅಂತ ಆಯ್ತು. 2024ರ ಫೆಬ್ರವರಿ 28ಕ್ಕೆ ನಿಯಮ ಬಂತು, ಪರಿವೇಶ್ ವೆಬ್‌ಸೈಟಲ್ಲಿ ನೋಂದಣಿಗೆ ಆರು ತಿಂಗಳು ಟೈಮ್ ಕೊಟ್ಟರು. ಆಮೇಲೆ ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಇದು ಲೆಕ್ಕಕ್ಕೆ ತರೋ ವ್ಯವಸ್ಥೆ. ಇದನ್ನೇ ನಮ್ಮವರು "ಪರ್ಮಿಟ್" ಅಂತ ಹೇಳ್ಕೊಂಡು ತಿರುಗ್ತಿರೋದು.

ಈ ಲೆಕ್ಕದ ಮೇಲೂ ನನಗೆ ತಕರಾರಿದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಒಂದು ಸ್ಕೀಮ್ ತಂತು. ವಿದೇಶಿ ಪ್ರಾಣಿ ಇಟ್ಟುಕೊಂಡಿರೋರು ಆರು ತಿಂಗಳೊಳಗೆ ತಾವಾಗೇ ಹೇಳಿಬಿಟ್ಟರೆ ಕಾಗದಪತ್ರ ಕೇಳಲ್ಲ ಅಂತ. ಅಂದರೆ ಕಳ್ಳದಾರಿಯಲ್ಲಿ ಬಂದಿದ್ದಕ್ಕೂ ಒಂದು ಸೀಲು ಬಿತ್ತು. ಅದೇ ನಾವು ತಾತನ ಕಾಲದಿಂದ ಉಳುತ್ತಿರೋ ಜಮೀನಿನ ಪಹಣಿಯಲ್ಲಿ ಒಂದಕ್ಷರ ತಪ್ಪಿದ್ದರೆ ಎಷ್ಟು ಸಲ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಬೇಕು? ಹಾವಿನವರಿಗೆ ಮಾತ್ರ ನಂಬಿಕೆ!

ನಂಬಿದ್ದರ ಫಲ ಏನು? ದೇವನಹಳ್ಳಿ ಏರ್‌ಪೋರ್ಟ್ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ. ಜೊತೆಗಿದ್ದ 6 ಕೋತಿ ಸತ್ತೇ ಹೋಗಿದ್ದವು. 2024ರ ಏಪ್ರಿಲ್‌ನಲ್ಲಿ ಮತ್ತೆ ಬ್ಯಾಂಕಾಕ್‌ನಿಂದಲೇ ಬಂದವನ ಬ್ಯಾಗಲ್ಲಿ 10 ಹಳದಿ ಅನಕೊಂಡ. ಸಿಕ್ಕಿದ್ದು ಇಷ್ಟು. ಕೊಳ್ಳೋರು ಈ ಊರಲ್ಲಿ ಇಲ್ಲದೆ ಯಾರಾದರೂ ಬ್ಯಾಗ್ ತುಂಬಾ ಹಾವು ತರ್ತಾರಾ? "ಪರ್ಮಿಟ್ ಸಿಗುತ್ತೆ" ಅನ್ನೋ ಮಾತು ಹಬ್ಬಿದಷ್ಟೂ ಇವರ ವ್ಯಾಪಾರ ಬೆಳೆಯುತ್ತೆ.

ಇದರಿಂದ ರೈತನಿಗೇನು ಅಂತೀರಾ? ಪಟ್ಟಣದವರ ಶೋಕಿ ಮುಗಿದ ಮೇಲೆ ಆ ಪ್ರಾಣಿ ಬರೋದು ನಮ್ಮ ಕೆರೆಗೆ. ಅಕ್ವೇರಿಯಂನಲ್ಲಿ ಚಿಕ್ಕದಾಗಿದ್ದ ಕೆಂಪುಕಿವಿಯ ಫಾರಿನ್ ಆಮೆ ದೊಡ್ಡದಾದ ಮೇಲೆ ತಂದು ಬಿಟ್ಟು ಬೆಂಗಳೂರಿನ ಕೆರೆಗಳಲ್ಲಿ ಈಗ ಅದೂ ಒಂದು. ಆಫ್ರಿಕನ್ ಕ್ಯಾಟ್‌ಫಿಶ್ ಬಂದು ನಮ್ಮ ಮೀನು ಏನಾದವು ಅಂತ ಕೆರೆ ದಡದವರಿಗೆ ನಾನು ಹೇಳಬೇಕಾಗಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಸಾಕಿದವರು ಬಿಟ್ಟ, ಅವರ ಕೈ ತಪ್ಪಿದ ಬರ್ಮಾ ಹೆಬ್ಬಾವು ಜೌಗಿನಲ್ಲಿ ಸಂತಾನ ಮಾಡಿ, ಅಲ್ಲಿನ ಸಣ್ಣ ಪ್ರಾಣಿಗಳನ್ನ ಬಹುಪಾಲು ಮುಗಿಸಿದೆ. ಹಳದಿ ಅನಕೊಂಡ ನೀರಲ್ಲೇ ಬದುಕೋ ಹಾವು. ರಾಂಪುರ ಕೆರೆಯ ಜೊಂಡಲ್ಲಿ ಒಂದು ಸೇರಿಕೊಂಡರೆ ಹಿಡಿಯೋರು ಯಾರು? ನೋಂದಣಿ ಕಾಗದ ಹಿಡಿಯುತ್ತಾ?

ಇನ್ನು ನಮ್ಮ ಕಡೆಯ ರೋಗ. ಎರಡುತಲೆ ಹಾವು, ಮಣ್ಣುಮುಕ್ಕ ಅಂತೀವಲ್ಲ, ಅದಕ್ಕೆ ಲಕ್ಷ, ಕೋಟಿ ಅಂತ ದಲ್ಲಾಳಿಗಳು ಇನ್ನೂ ತಿರುಗ್ತಾರೆ. ನಿಧಿ ತೋರಿಸುತ್ತಂತೆ, ಅದೃಷ್ಟ ತರುತ್ತಂತೆ. ಅದಕ್ಕೆ ಎರಡು ತಲೆ ಇಲ್ಲ ಸ್ವಾಮಿ, ಬಾಲ ಮೊಂಡಾಗಿ ತಲೆ ಥರ ಕಾಣುತ್ತೆ ಅಷ್ಟೆ. ವಿಷವೂ ಇಲ್ಲ, ನಿಧಿಯೂ ಇಲ್ಲ. ಮಾರೋಕೆ ಹೋಗಿ ಪೊಲೀಸರ ಕೈಗೆ ಸಿಕ್ಕಿದವರ ಸುದ್ದಿ ಎಷ್ಟು ಸಲ ಪೇಪರಲ್ಲಿ ಬಂದಿಲ್ಲ? ಈಗ "ಪರ್ಮಿಟ್ ಮಾಡಿಸಿಕೊಡ್ತೀವಿ" ಅಂತ ಯಾರಾದರೂ ಅಡ್ವಾನ್ಸ್ ಕೇಳಿದರೆ ಅದು ಹಸೀ ಮೋಸ. ಅಂಥ ಪರ್ಮಿಟ್ ಇಲ್ಲ.

ಹಾವು ಹೊಲದಲ್ಲಿದ್ದರೇ ನಮಗೆ ಲಾಭ. ರಾಗಿ ಮೆದೆ ಹತ್ತಿರ, ಬದುವಿನ ಬಿಲದಲ್ಲಿ ಇಲಿ ಸಂಸಾರ ಹೂಡಿದರೆ ಏನಾಗುತ್ತೆ ಅಂತ ಗೊತ್ತಲ್ಲ. ಪಾಷಾಣ ಇಟ್ಟರೆ ನಾಯಿ, ಗೂಬೆ, ಕೋಳಿ ಎಲ್ಲಕ್ಕೂ ಅಪಾಯ. ಕೇರೆಹಾವು ನೇರ ಬಿಲದೊಳಗೆ ನುಗ್ಗಿ ಮರಿಸಮೇತ ತಿಂದು ಬರುತ್ತೆ. ಕೂಲಿ ಕೇಳಲ್ಲ, ರಜಾ ಹಾಕಲ್ಲ. ಅದನ್ನ ಪೆಟ್ಟಿಗೆಯಲ್ಲಿಟ್ಟು, ಅಂಗಡಿಯಿಂದ ಇಲಿ ತಂದು ತಿನ್ನಿಸೋದಕ್ಕೆ ಪರ್ಮಿಟ್ ಕೇಳೋದು ಅಂದರೆ ಎತ್ತನ್ನ ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಬಾಡಿಗೆ ಟ್ರಾಕ್ಟರ್ ಕರೆದ ಹಾಗೆ.

ಹಾಗಂತ ಹಾವನ್ನ ಮುಟ್ಟೋಕೆ ಯಾರಿಗೂ ಅನುಮತಿ ಬೇಡ ಅಂತಿಲ್ಲ. ತಮಿಳುನಾಡಿನ ಇರುಳರ ಸಹಕಾರ ಸಂಘ 1978ರಿಂದ ಇದೆ. ಅವರಿಗೆ ಅರಣ್ಯ ಇಲಾಖೆ ಲೈಸೆನ್ಸ್ ಕೊಡುತ್ತೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕನ್ನ ಹಿಡಿದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ವಾಪಸ್ ಬಿಡ್ತಾರೆ. ನಮಗೆ ಕಚ್ಚಿದಾಗ ಹಾಕೋ ಇಂಜೆಕ್ಷನ್ ತಯಾರಾಗೋದು ಆ ವಿಷದಿಂದ. ಕೇರಳದ ಅರಣ್ಯ ಇಲಾಖೆ 2020ರಿಂದ ಹಾವು ಹಿಡಿಯೋರಿಗೆ ತರಬೇತಿ, ಸರ್ಟಿಫಿಕೇಟ್ ಕೊಟ್ಟು, 'ಸರ್ಪ' ಅನ್ನೋ ಆ್ಯಪ್ ಮಾಡಿದೆ. ಇವು ಅರ್ಥ ಇರೋ ಪರ್ಮಿಟ್. ಹಾವು ಹಿಡಿದವನು ಅದನ್ನ ಬಿಡಲೇಬೇಕು ಅನ್ನೋ ಷರತ್ತಿರೋ ಪರ್ಮಿಟ್.

ಹಾವು ಕಚ್ಚಿ ಸಾಯೋರು ಯಾರು ಅಂತಲೂ ನೋಡಿ. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. ವರ್ಷಕ್ಕೆ 58 ಸಾವಿರ. ಬಹುಪಾಲು ಹಳ್ಳಿಯವರು, ಹೊಲದಲ್ಲಿ ದುಡಿಯೋರು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಒಳ್ಳೆ ಕೆಲಸ. ಆದರೆ ಲೆಕ್ಕ ಬರೆದುಕೊಂಡರೆ ಸಾಲದು, ಔಷಧಿ ಕೈಗೆ ಸಿಗಬೇಕು.

ಅರ್ಜಿ ಬರೆಯೋ ಹುಮ್ಮಸ್ಸಿದ್ದರೆ ಎಲ್ಲರೂ ಸೇರಿ ಈ ಮೂರಕ್ಕೆ ಬರೆಯೋಣ:

1. ನಮ್ಮ ಹತ್ತಿರದ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ ಹಾವಿನ ವಿಷದ ಇಂಜೆಕ್ಷನ್ ಎಷ್ಟಿದೆ ಅಂತ ಬಾಗಿಲಲ್ಲೇ ಬೋರ್ಡ್ ಹಾಕಲಿ.
2. ಹೋಬಳಿಗೆ ಇಬ್ಬರಾದರೂ ತರಬೇತಿ ಆದ, ಗುರುತಿನ ಚೀಟಿ ಇರೋ ಹಾವು ಹಿಡಿಯೋರು ಇರಲಿ. ರೀಲ್ಸ್ ಮಾಡಿದರೆ ಚೀಟಿ ವಾಪಸ್.
3. ವಿದೇಶಿ ಹಾವು ಸಾಕಿರೋರ ಮನೆಗೆ ಅರಣ್ಯ ಇಲಾಖೆಯವರು ವರ್ಷಕ್ಕೊಮ್ಮೆ ಹೋಗಿ ಎಣಿಸಲಿ. ಲೆಕ್ಕ ತಪ್ಪಿದರೆ ಕೇಸು ಹಾಕಲಿ.

ಅಲ್ಲಿವರೆಗೆ ಹಾವು ಕಂಡರೆ ದೊಣ್ಣೆ ಬೇಡ, ಚೀಲವೂ ಬೇಡ. ದೂರ ನಿಂತು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಕಚ್ಚಿದರೆ ಹಗ್ಗ ಬಿಗಿಯೋದು, ಬ್ಲೇಡಲ್ಲಿ ಕುಯ್ಯೋದು, ನಾಟಿ ಮದ್ದಿಗೆ ಓಡೋದು ಮಾಡಬೇಡಿ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ನೋಡಿಕೊಂಡು 108 ಕರೆಯಿರಿ. ರಾತ್ರಿ ನೀರು ಕಟ್ಟೋಕೆ ಹೋಗೋರು ಟಾರ್ಚು, ಗಮ್‌ಬೂಟು ಮರೀಬೇಡಿ.