ದೇವರನ್ನು ಬಿಟ್ಟರೆ ಮಾನವತೆ ಉಳಿಯುತ್ತದೆಯೇ?

ಪರ

ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾದದ್ದು 1954ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಸರ್ಕಾರ ಕಟ್ಟಿದ ಈ ಕಾರ್ಖಾನೆಯ ದೊಡ್ಡ ತೊಟ್ಟಿಗಳಲ್ಲಿ ಮರುವರ್ಷವೇ ಬೂಷ್ಟು ಬೆಳೆಸಿ ಪೆನಿಸಿಲಿನ್ ತೆಗೆಯತೊಡಗಿದರು. ಆ ಔಷಧಿ ನ್ಯುಮೋನಿಯಾ ಬಂದ ಮಗುವಿನ ಜಾತಿ ಕೇಳಲಿಲ್ಲ, ಹೆತ್ತವರಿಂದ ಹರಕೆ ಕೇಳಲಿಲ್ಲ. ಕಾಯಿಲೆ ರೋಗಾಣುವಿನ ಕೆಲಸ ಎಂದು ತಿಳಿದವರು ರೋಗಿಯ ಪೂರ್ವಜನ್ಮವನ್ನು ದೂರುವುದಿಲ್ಲ. ನೋವು ನಿಜ, ಇರುವುದು ಇದೊಂದೇ ಬದುಕು, ಮೇಲಿನಿಂದ ಯಾರೂ ಇಳಿದು ಬರುವುದಿಲ್ಲ. ಹಾಗಾದರೆ ಒಬ್ಬರ ಕೈ ಒಬ್ಬರು ಹಿಡಿಯಲೇಬೇಕು. ಕರುಣೆಗೆ ಇದಕ್ಕಿಂತ ಗಟ್ಟಿ ಕಾರಣ ಬೇಕೆ?

ಪುಣೆಯವರಿಗೆ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ನೆನಪಿಸಬೇಕಿಲ್ಲ. 1989ರಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಕಟ್ಟಿ, ಮಾಟಮಂತ್ರದ ಹೆಸರಲ್ಲಿ ಬಡವರನ್ನು ಸುಲಿಯುವವರ ವಿರುದ್ಧ ಊರೂರು ತಿರುಗಿದರು. 2013ರ ಆಗಸ್ಟ್ 20ರ ಬೆಳಿಗ್ಗೆ ಗುಂಡಿಗೆ ಬಲಿಯಾದರು. ಸ್ವರ್ಗದ ಆಸೆಯಿಲ್ಲದ ಮನುಷ್ಯನೂ ಇನ್ನೊಬ್ಬರಿಗಾಗಿ ಪ್ರಾಣ ಒತ್ತೆಯಿಡುತ್ತಾನೆ. ನಮ್ಮ ಸಂವಿಧಾನವೂ 1976ರಲ್ಲಿ ಸೇರಿಸಿದ 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವವನ್ನೂ ಮಾನವತಾವಾದವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ವಿರೋಧ

ಬೂಷ್ಟಿಗೆ ಕರುಣೆಯಿಲ್ಲ. ಪೆನಿಸಿಲಿನ್ ರೋಗಾಣುವನ್ನು ಹೇಗೆ ಕೊಲ್ಲುತ್ತದೆಂದು ವಿಜ್ಞಾನ ವಿವರಿಸುತ್ತದೆ. ದುಡ್ಡಿಲ್ಲದವನಿಗೂ ಅದು ಯಾಕೆ ಸಿಗಬೇಕು ಎಂದರೆ ಅದರ ಬಳಿ ಉತ್ತರವಿಲ್ಲ. ಕಳೆದ ಶತಮಾನದಲ್ಲಿ ಅಮೆರಿಕದಲ್ಲೂ ಜರ್ಮನಿಯಲ್ಲೂ ‘ದುರ್ಬಲ’ರೆಂದು ಗುರುತಿಸಿದವರಿಗೆ ಬಲವಂತದ ಸಂತಾನಹರಣ ಮಾಡಿದ್ದು ವಿಜ್ಞಾನದ ಹೆಸರಿನಲ್ಲೇ.

1873ರಲ್ಲಿ ಪುಣೆಯಲ್ಲಿ ಸತ್ಯಶೋಧಕ ಸಮಾಜ ಕಟ್ಟಿದ ಜೋತಿಬಾ ಫುಲೆ ಪುರೋಹಿತರನ್ನು ಬಿಟ್ಟರು, ದೇವರನ್ನು ಬಿಡಲಿಲ್ಲ. ‘ನಿರ್ಮಿಕ’ನೆಂಬ ಸೃಷ್ಟಿಕರ್ತನನ್ನು ಉಳಿಸಿಕೊಂಡರು. ಹೆಣ್ಣು ಗಂಡು, ಮೇಲು ಕೀಳು ಎನ್ನದೆ ಎಲ್ಲರೂ ಅವನ ಮಕ್ಕಳು, ಅದಕ್ಕೇ ಸಮಾನರು. ಆ ಬುನಾದಿ ಕಿತ್ತರೆ ಸಮಾನತೆ ಯಾವುದರ ಮೇಲೆ ನಿಂತೀತು?

ಆಷಾಢದ ವಾರಿ ಯಾತ್ರೆಗೆ ದೇಹುವಿನಿಂದ ಹೊರಟ ಸಂತ ತುಕಾರಾಮರ ಪಾಲಖಿ ಆಕುರ್ಡಿಯಲ್ಲಿ ತಂಗುತ್ತದೆ. ನಡೆದು ದಣಿದ ವಾರಕರಿಗಳ ಕಾಲಿಗೆ ಎಣ್ಣೆ ತಿಕ್ಕುವ ಸೇವೆಗೆ ಜನ ಕಾದು ನಿಲ್ಲುತ್ತಾರೆ. ಗುರುತು ಪರಿಚಯವಿಲ್ಲದ ಮುದುಕನೊಬ್ಬನ ಒಡೆದ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಕೆಸರೊರೆಸಿ, ‘ಮಾವುಲಿ’ (ತಾಯಿ) ಎಂದು ಕರೆಯುತ್ತಾ ನೀವುವವನಿಗೆ ಅಲ್ಲಿ ವಿಠ್ಠಲ ಕಾಣುತ್ತಾನೆ. ನಿಸರ್ಗದಾಚೆ ಏನೂ ಇಲ್ಲವೆನ್ನುವ ನಿಸರ್ಗವಾದಿಯ ಕಣ್ಣಿಗೆ ಅಲ್ಲಿರುವುದು ಚರ್ಮ, ಎಲುಬು, ಆಯಾಸ.

ಸಂವಿಧಾನದ ಮಾತೂ ಪರವಾದಿಗಳ ನೆರವಿಗೆ ಬರುವುದಿಲ್ಲ. ವೈಜ್ಞಾನಿಕ ಮನೋಭಾವದಿಂದ ಮಾನವತಾವಾದ ತಾನಾಗಿ ಹುಟ್ಟುವಂತಿದ್ದರೆ ಎರಡನ್ನೂ ಬೇರೆ ಬೇರೆ ಹೆಸರಿಸಿ ಕರ್ತವ್ಯವೆಂದು ಬರೆಯಬೇಕಿರಲಿಲ್ಲ. ದಾಭೋಲ್ಕರ್ ಅವರ ತ್ಯಾಗಕ್ಕೆ ತಲೆಬಾಗುತ್ತೇವೆ. ಅವರ ಹೃದಯ ದೊಡ್ಡದಿತ್ತು. ಆದರೆ ಮನುಷ್ಯನಿಗೆ ಬೆಲೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನಿಸರ್ಗವಾದ ಈವರೆಗೆ ಉತ್ತರ ಕೊಟ್ಟಿಲ್ಲ.