ಸುಣ್ಣದ ಗೋಡೆಗೆ ಸಾಲ ಬೇಕಿಲ್ಲ

ದಸರಾ ಹತ್ತಿರ ಬಂತೆಂದರೆ ಡೆಸ್ಕಿನಿಂದ ಒಂದು ಫೋನ್ ತಪ್ಪುವುದಿಲ್ಲ. ‘ಕಡಿಮೆ ಖರ್ಚಿನಲ್ಲಿ ಮನೆ ಸಿಂಗಾರ’ ಅಂತ ಪುರವಣಿಗೆ ಒಂದು ಲೇಖನ ಕಳಿಸಿ ಅನ್ನುತ್ತಾರೆ. ನಾವೂ ಬರೆದುಕೊಟ್ಟಿದ್ದೇವೆ. ಒಂದು ಗೋಡೆಗೆ ವಾಲ್‌ಪೇಪರ್, ಮೂಲೆಗೊಂದು ದೀಪ, ಕಿಟಕಿಗೆ ಹೊಸ ಪರದೆ, ಸೋಫಾಕ್ಕೆ ನಾಲ್ಕು ದಿಂಬು. ಬರೆದು ಮುಗಿಸಿ ಲೆಕ್ಕ ಹಾಕಿದರೆ ಆ ‘ಕಡಿಮೆ ಖರ್ಚು’ ಸುದ್ದಿಗಿಷ್ಟು ಎಂದು ಎಣಿಸಿ ಕೊಡುವ ನಮ್ಮ ತಿಂಗಳ ಸಂಭಾವನೆಗಿಂತ ಜಾಸ್ತಿ. ನಮ್ಮ ಬಾಡಿಗೆ ಮನೆಯಲ್ಲಿ ಸೋಫಾನೇ ಇಲ್ಲ.

ಹಾವೇರಿ ಜಿಲ್ಲೆಯ ಹಳ್ಳಿಯೊಂದಕ್ಕೆ ವಸತಿ ಯೋಜನೆಯ ಮನೆಗಳ ಸುದ್ದಿಗೆ ಹೋಗಿದ್ದೆವು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಉದ್ಯೋಗ ಖಾತ್ರಿ ಕೂಲಿ, ಶೌಚಾಲಯದ ದುಡ್ಡು ಬೇರೆ. ಆದರೂ ತಳಪಾಯ, ಗೋಡೆ, ಚಾವಣಿ ಮುಗಿಯುವಷ್ಟರಲ್ಲಿ ಕೈ ಖಾಲಿ. ಗಿಲಾವಿನ ಮಾತು ಆಮೇಲೆ.

ಅಲ್ಲೊಬ್ಬ ಅಕ್ಕ ಮನೆ ತೋರಿಸಿದರು. ಹೊರಗೆ ಬರೀ ಇಟ್ಟಿಗೆ. ಒಳಗೆ ಪಿವಿಸಿ ಸೀಲಿಂಗ್, ಟಿವಿ ಹಿಂದೆ ಹೊಳೆಯುವ ಪ್ಯಾನೆಲ್. ‘ಚಲೋ ಆಗೇತಿ ಬಿಡ್ರಿ ಅಕ್ಕಾರ’ ಎಂದೆವು. ‘ಸಂಘದ ಸಾಲಾ ಮಾಡೀನೋ ತಮ್ಮಾ. ವಾಸ್ತುಶಾಂತಿಗೆ ಬಂದ ಬೀಗರು ಬರೇ ಗ್ವಾಡಿ ನೋಡಿ ಹೋಗಬಾರದು ಅನ್ನಿಸ್ತು. ಈಗ ಕಂತಿನ ದಿನ ಬಂದರ ಎದಿ ಡವಡವ ಅಂತೈತಿ’ ಎಂದರು.

ಕಿರುಸಾಲದ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಾಗ ಸುದ್ದಿ ಬರೆದವರೂ ನಾವೇ. ಬಿತ್ತನೆಗೆ ಸಾಲ, ಮದುವೆಗೆ ಸಾಲ, ಆಸ್ಪತ್ರೆಗೆ ಸಾಲ ಎಂದೆಲ್ಲ ಬರೆದೆವು. ಸೀಲಿಂಗಿಗೂ ಸಾಲ ಎಂದು ಬರೆಯಲಿಲ್ಲ.

ಆ ಅಕ್ಕನದು ತಪ್ಪು ಎಂದು ನಾವು ಹೇಳುತ್ತಿಲ್ಲ. ಬಡವರಿಗೆ ಯಾಕೆ ಚಂದ ಎಂಬ ಮಾತು ನಮಗೆ ಒಪ್ಪಿಗೆಯಿಲ್ಲ. ದುಡಿದು ಬಂದವರಿಗೆ ಕಣ್ಣಿಗೆ ತಂಪಾದ ಮನೆ ಬೇಕೇ ಬೇಕು. ನಮ್ಮ ತಕರಾರು ಇಷ್ಟೇ: ಚಂದ ಅಂದರೆ ಅಂಗಡಿಯಿಂದ ತರುವ ಸಾಮಾನು ಎಂದು ಕಲಿಸಿದವರು ಯಾರು? ಅದರಲ್ಲಿ ನಮ್ಮ ಪುರವಣಿ ಲೇಖನಗಳ ಪಾಲೂ ಇದೆ.

ಪಕ್ಕದ ಶಿವಮೊಗ್ಗ ಜಿಲ್ಲೆಯ ದೀವರ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಿದ್ದುದು ಅಕ್ಕಿ ಹಿಟ್ಟು, ಕೆಮ್ಮಣ್ಣು, ಕರಿಯಾಗುವಂತೆ ಹುರಿದ ಅಕ್ಕಿಯಿಂದ. ಕುಂಚಕ್ಕೆ ಪುಂಡಿ ನಾರು. ಇವತ್ತು ಅದೇ ಚಿತ್ತಾರ ಚೌಕಟ್ಟು ಹಾಕಿಸಿಕೊಂಡು ನಗರದ ಗೋಡೆ ಸೇರುತ್ತಿದೆ. ನಮ್ಮ ಕಡೆಯ ಕೌದಿಯ ಕಥೆಯೂ ಅಷ್ಟೇ. ಹಳೇ ಸೀರೆ ತುಂಡು ಜೋಡಿಸಿ ಅವ್ವ ಹೊಲಿದ ಕೌದಿ ಟ್ರಂಕಿನಲ್ಲಿ, ಮಂಚದ ಮೇಲೆ ಪಾಲಿಯೆಸ್ಟರ್ ಹೊದಿಕೆ.

ಹೋದ ದೀಪಾವಳಿಗೆ ನಮ್ಮ ಮನೆಯಲ್ಲಿ ಮಾಡಿದ್ದನ್ನೇ ಹೇಳುತ್ತೇವೆ. ಮಾಲೀಕರನ್ನು ಕೇಳಿ ಹಳೇ ಡಿಸ್ಟೆಂಪರ್ ಕೆರೆದು ತೆಗೆದೆವು. ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಸುಣ್ಣದ ಹರಳನ್ನು ನೀರಿನಲ್ಲಿ ಅರಳಿಸಿ, ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಒಂದಿಷ್ಟು ಅಂಟು, ನಾಲ್ಕು ಹನಿ ನೀಲಿ ಬೆರೆಸಿದೆವು. ಹರಳು ಕುದಿಯುವಾಗ ಮಕ್ಕಳನ್ನು ದೂರ ಇಡಬೇಕು, ಕಣ್ಣಿಗೆ ಸಿಡಿದರೆ ಅಪಾಯ. ಗೋಡೆ ತೋಯಿಸಿ ತೆಳ್ಳಗೆ ಎರಡು ಸಲ ಬಳಿದೆವು. ಕೆಳಗೆ ಮೊಳದೆತ್ತರ ಕೆಮ್ಮಣ್ಣಿನ ಪಟ್ಟಿ. ಟ್ರಂಕಿನ ಕೌದಿ ಮಂಚಕ್ಕೆ ಬಂತು. ಕತ್ತಲೆಯಿದ್ದ ಒಳಕೋಣೆ ಬೆಳಗಿತು. ಖರ್ಚಾಗಿದ್ದು ಎರಡು ದಿನ ಮತ್ತು ಒಂದು ವಾರದ ಸಂತೆಯಷ್ಟು ದುಡ್ಡು.

ಆದರೆ ಸುಣ್ಣ ಬಳಿಯಲು ಮೊದಲು ಗಿಲಾವು ಆದ ಗೋಡೆ ಬೇಕಲ್ಲ? ಸರ್ಕಾರ ಕೊಡುವ ಮನೆಯ ಲೆಕ್ಕದಲ್ಲಿ ಒಳಗಿನ ಗಿಲಾವು, ಎರಡು ಕೈ ಸುಣ್ಣ ಸೇರಲೇಬೇಕು. ಅದು ಶೋಕಿಯಲ್ಲ, ಮನೆ ಮುಗಿಯಿತು ಎನ್ನುವುದರ ಗುರುತು. ಅಷ್ಟು ಸಿಕ್ಕರೆ ಮುಂದಿನ ಚಂದವನ್ನು ಆ ಅಕ್ಕನೇ ಮಾಡಿಕೊಳ್ಳುತ್ತಾರೆ, ಸಂಘದ ಮುಂದೆ ಕೈ ಚಾಚದೆ.

ಈ ದಸರಾಕ್ಕೂ ಡೆಸ್ಕಿನಿಂದ ಫೋನ್ ಬರುತ್ತದೆ. ಈ ಸಲ ನಾವು ಇದನ್ನೇ ಕಳಿಸುತ್ತೇವೆ. ಹಾಕಿಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು.